ಏಳರ ಕೀಲಿ

ವಿದ್ಯಾನಗರದ ಕೋರ್ಟಿನೆದುರು ಟಾರ್ಪಾಲಿನ ಕೆಳಗೆ
ನನ್ನ ಎರಡು ಮಿಷನು: ಒಂದು ಇಂಗ್ಲಿಷು, ಒಂದು ಕನ್ನಡ.
ಮಲೆಯಾಳಕ್ಕೆ ಪಕ್ಕದ ಮೇಜಿನ ಕುಂಞಂಬು ಇದ್ದಾನೆ.
ಕನ್ನಡಕ್ಕೆ ಈಗ ವಾರಕ್ಕೊಂದು ಗಿರಾಕಿ, ಅದೂ
ಮೂಲಗೇಣಿ ಚೀಟಿ ಹಿಡಿದು ಬರುವ ಮುದುಕರು.

ದೆಹಲಿಯಲ್ಲಿ ಒಂದು ಕೋರ್ಟು ಕೊಟ್ಟದ್ದನ್ನು
ಅದಕ್ಕಿಂತ ದೊಡ್ಡದು ಕಿತ್ತುಕೊಂಡ ಮರುವರ್ಷ
ಬೇಳದ ಐರಿನ್ ಕ್ರಾಸ್ತಾ ವಕೀಲರ ಹಿಂದೆ ಇಬ್ಬರು ಬಂದರು.
ಒಬ್ಬ ಉಪ್ಪಳದ ಬೀಡಿ ಡಿಪ್ಪೋದಲ್ಲಿ ಲೆಕ್ಕ ಬರೆಯುವವ,
ಇನ್ನೊಬ್ಬನಿಗೆ ಕಸಬಾ ಕಡಪ್ಪುರದಲ್ಲಿ ದೋಣಿ ಇಂಜಿನಿನ ರಿಪೇರಿ.
ಅವನ ಉಗುರಲ್ಲಿ ಗ್ರೀಸು. ಕೂತುಕೊಳ್ಳಲಿಲ್ಲ.

ಕೇಸಿಲ್ಲ, ಎಫ್‌ಐಆರ್ ಇಲ್ಲ. ಇದ್ದದ್ದು ಒಂದು ನಂಬರು.
ತಿಂಗಳ ಮೊದಲ ವಾರ ಡಿಪ್ಪೋದ ಹೊರಗೆ ಒಬ್ಬ ಪೋಲೀಸಿನವ ನಿಂತು
ಬೆರಳಲ್ಲಿ ಮೂರು ತೋರಿಸುತ್ತಾನೆ, ಆಮೇಲೆ ಏಳು, ಮತ್ತೆ ಏಳು.
ಲೆಕ್ಕದವ ಒಳಗೆ ಹೋಗಿ ನೋಟು ಮಡಚಿ ತರುತ್ತಾನೆ.
"ಏಳಕ್ಕೆ ಎರಡು ಕೈ ಬೇಕಲ್ಲ," ಕೇಳಿದರು ವಕೀಲರು, "ಲಾಠಿ ಎಲ್ಲಿಡುತ್ತಾನೆ?"
"ಕಂಕುಳಲ್ಲಿ," ಎಂದ ಇಂಜಿನಿನವ.
ಆ ದಿನ ಅವನಾಡಿದ್ದು ಅದೊಂದೇ ಮಾತು.

ದೂರು ಮೂರು ಭಾಷೆಯಲ್ಲಿ ಬೇಕು.
ಇಂಗ್ಲಿಷು ಸುಲಭ, ನೂರೈವತ್ತು ವರ್ಷದ ಹಿಂದೆ ಅಚ್ಚು ಹಾಕಿಟ್ಟದ್ದು;
ಯಾರೋ ದೊರೆ ಇಲ್ಲಿನ ಸೆಖೆಗೆ ಬೆವರುತ್ತಾ
ತನ್ನ ಊರಿನ ನಾಚಿಕೆಯನ್ನು ನಮ್ಮ ಪುಸ್ತಕದಲ್ಲಿ ಬರೆದು
ಹಡಗು ಹತ್ತಿದ.
ಕನ್ನಡದಲ್ಲಿ ನಂಬರು ಹೊಡೆದೆ. ಏಳರ ಕೀಲಿ ಸಿಕ್ಕಿಕೊಂಡಿತು,
ಯಾವಾಗಲೂ ಹಾಗೆ, ಉಗುರಿನಿಂದ ಎಬ್ಬಿಸಬೇಕು.
'ಪ್ರಕೃತಿ ನಿಯಮಕ್ಕೆ ವಿರುದ್ಧವಾಗಿ' ಎಂದು ಹೊಡೆದೆ.
ವಕೀಲರು ಬಗ್ಗಿ ಓದಿದರು.
"ಈ ಪ್ರಕೃತಿ ಯಾರು ನಾರ್ಣಪ್ಪಣ್ಣ?
ಅವಳ ವಕಾಲತ್ತು ಯಾರ ಹತ್ತಿರ ಉಂಟು?"

ನನಗೆ ಚಂದ್ರಗಿರಿ ಹೊಳೆ ನೆನಪಾಯಿತು.
ಭರತದ ಹೊತ್ತಿಗೆ ಅದು ಹಿಂದಕ್ಕೆ ಹರಿಯುತ್ತದೆ.
ಯಾರೂ ಕಟ್ಲೆ ಹೂಡಿಲ್ಲ.

ಆಮೇಲೆ ಕಷ್ಟದ್ದು: ಇವರಿಬ್ಬರನ್ನು ಏನೆಂದು ಬರೆಯುವುದು?
ಪೇಪರಿನವರ ಶಬ್ದ ಹೊಡೆದೆ. ವಕೀಲರು ಅಡ್ಡಗೆರೆ ಎಳೆದರು.
ಪೇಟೆಯ ಶಬ್ದ ನನಗೆ ಗೊತ್ತಿತ್ತು; ಹೊಡೆಯಲಿಲ್ಲ.
ಹದಿನೆಂಟರಲ್ಲಿ, ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೆಟ್ಟಿಲಲ್ಲಿ
ಅದನ್ನು ಯಾರೋ ನನ್ನ ಬೆನ್ನಿಗೆ ಎಸೆದದ್ದುಂಟು.
ಕೊನೆಗೆ ಲೆಕ್ಕದವನೇ, ನೆಲ ನೋಡುತ್ತಾ:
"ಇವನ ಬಟ್ಟೆ ನಾನು ಒಗೆಯುತ್ತೇನೆ.
ಕಡಲಲ್ಲಿ ಇಂಜಿನು ನಿಂತು ಇವನನ್ನು ಕರೆದುಕೊಂಡು ಹೋದರೆ
ಬರುವವರೆಗೆ ದೀಪ ನಂದಿಸುವುದಿಲ್ಲ.
ಅಷ್ಟು ಬರೆದರೆ ಸಾಲದಾ?"

ಹಾಗೆಯೇ ಹೊಡೆದೆ.

ಪೋಲೀಸಿನವನಿಗೆ ಬೇರೆ ಠಾಣೆಗೆ ವರ್ಗ, ಅಷ್ಟೇ.
ವಕೀಲರ ಬೋರ್ಡಿಗೆ ಸಗಣಿ ಬಿತ್ತು. ಇಗರ್ಜಿಯಲ್ಲಿ
ಅವರ ಬೆಂಚಿನ ಉಳಿದರ್ಧ ಖಾಲಿ.
ಹಿರಿಯರೊಬ್ಬರು ಕೇಳಿದರಂತೆ, ಜಾಗದ ಕಟ್ಲೆ ಬಿಟ್ಟು ಇದೆಂತದ್ದು?
"ಇದೂ ಜಾಗದ್ದೇ. ಇಬ್ಬರು ನಿಲ್ಲುವಷ್ಟು."
ಮತ್ತೆ ಸಂಜೆಯ ಮಾವೇಲಿ ಹತ್ತಿ, ಫೈಲು ತಲೆಯಡಿಗಿಟ್ಟು
ಎರ್ನಾಕುಳಕ್ಕೆ; ಎಷ್ಟು ಸಲವೋ, ನಾನು ಲೆಕ್ಕ ಇಟ್ಟಿಲ್ಲ.

ತೀರ್ಪು ಬಂದ ಗುರುವಾರ ಅವರು ಮುನ್ಸಿಫ್ ಕೋರ್ಟಿನಲ್ಲಿ
ಬೇಲಿಯಾಚೆ ಬಾಗಿದ ಯಾರದೋ ತೆಂಗಿನ ಬಗ್ಗೆ ವಾದಿಸುತ್ತಿದ್ದರು.
ಹೊರಗೆ ಬಂದು ಫೋನು ನೋಡಿದರು. ನನ್ನ ಸ್ಟೂಲಿನಲ್ಲಿ ಕೂತರು.
ಕುಂಞಂಬು ಚಹ ತಂದ. ಅದು ತಣಿಯಿತು.
"ನಂಬರು ಹೋಯಿತು," ಎಂದರು. "ಬೆರಳು ಉಂಟಲ್ಲ, ಇನ್ನೂ."

ಉಪ್ಪಳಕ್ಕೆ ಫೋನು ಮಾಡಿದರೆ ಡಿಪ್ಪೋ ಮುಚ್ಚಿ ವರ್ಷವಾಗಿತ್ತು.
ಇಬ್ಬರೂ ರತ್ನಗಿರಿ ಕಡೆ ಹೋದರೆಂದು ಒಬ್ಬ,
ಇಲ್ಲ, ಒಬ್ಬನೇ ಹೋದದ್ದೆಂದು ಇನ್ನೊಬ್ಬ.
ಪ್ರತಿ ನನ್ನ ಡ್ರಾಯರಿನಲ್ಲಿದೆ, ನೀಲಿ ಕಾರ್ಬನ್ನಿನದ್ದು,
ದೀಪದ ಸಾಲು ಮಸುಕು.

ನನಗೀಗ ಅರುವತ್ತೆರಡು.
ಕೆಲವು ಸಂಜೆ ಟಾರ್ಪಾಲು ಮಡಚುವ ಮೊದಲು
ಕನ್ನಡದ ಮಿಷನಿಗೆ ಒಂದು ಹಾಳೆ ಏರಿಸುತ್ತೇನೆ.
ತಾರೀಕು ಹೊಡೆಯುತ್ತೇನೆ. 'ಇವನ' ಎಂದು ಹೊಡೆದು
ನಿಲ್ಲಿಸುತ್ತೇನೆ. ಹೆಸರು ನೆನಪುಂಟು.
ಏಳು ಇಲ್ಲದ ತಾರೀಕಾದರೆ ಸ್ವಲ್ಪ ಸುಲಭ.